ಹೊಗೆಪೇಟೆಗೊಂದು ಕೂಗು

ಹನ್ನೊಂದು ಗಂಟೆಗೆ ಚಂದಯ್ಯ ಬರುತ್ತಾರೆ ಎಂದು ಮನೀಶ್ ಹೇಳಿದಾಗ ರಮಿತಾ ಒಂದು ಗೋಡೆಯೊಳಗೆ ಅರ್ಧ ಸಿಕ್ಕಿಕೊಂಡಿದ್ದಳು. ಬಲಗಾಲು, ಬಲಭುಜ, ಬೆನ್ನಿನ ಉಸಿರುಚೀಲದ ಒಂದು ಪಾಲು ಇಟ್ಟಿಗೆಯ ಒಳಗಿದ್ದವು. ಉಳಿದ ಮೈ ಹೊರಗೆ ಕಪ್ಪು ಮಳೆಯಲ್ಲಿ ನೆನೆಯುತ್ತಿತ್ತು. ಹೊಗೆಪೇಟೆಯಲ್ಲಿ ಇದು ದಿನವೂ ಆಗುವಂಥದ್ದೇ. ಮನೀಶ್ ಮತ್ತು ಧನ್ಯಶ್ರೀ ಸೇರಿ ಮೂರು ವರ್ಷದಿಂದ ಕಟ್ಟುತ್ತಿದ್ದ ಕಂಪ್ಯೂಟರ್ ಆಟದ ಊರು ಅದು. ಸೂರ್ಯ ಮೂಡದ ಊರು. ಆಕಾಶದಲ್ಲಿ ಕಬ್ಬಿಣದ ಬಲೂನುಗಳು ಹೊಗೆ ಕಾರುತ್ತ ತೇಲುತ್ತವೆ, ಮನೆಮನೆಗೂ ಒಂದು ಡೀಸೆಲ್ ಇಂಜಿನ್ ಇರುತ್ತದೆ, ಇಂಜಿನ್ ನಿಂತರೆ ಆ ಮನೆಯವರ ಉಸಿರು ನಿಲ್ಲುತ್ತದೆ. ಆಡುವವರು ಒಬ್ಬ ಮಿಸ್ತ್ರಿಯೋ, ಕಾರ್ಖಾನೆಯ ಹೆಂಗಸೋ ಆಗಿ ಆ ಊರಿನೊಳಗೆ ಬದುಕಬೇಕು. ಯಾರಿಗೆ ಏನು ಹೇಳಬೇಕು, ಯಾರ ಇಂಜಿನ್ ಉಳಿಸಬೇಕು ಎಂದು ತಾವೇ ತೀರ್ಮಾನ ಮಾಡಬೇಕು. ನೋಡಲು ಎದೆ ಬಿಗಿಯುವಂತಿತ್ತು. ಆಡಲು ಮಾತ್ರ ತೀರ ಒರಟು. ಮೂರನೇ ಮೆಟ್ಟಿಲಲ್ಲಿ ಕಾಲು ಜಾರುತ್ತಿತ್ತು, ಬಾಗಿಲನ್ನು ಎರಡು ಸಲ ತಳ್ಳಬೇಕಿತ್ತು, ನಿನ್ನೆ ನಿಲ್ಲಿಸಿದ ಆಟ ಇವತ್ತು ಮೊನ್ನೆಯಿಂದ ಶುರುವಾಗುತ್ತಿತ್ತು. ಗೋಡೆಗಳನ್ನು ಒಂದೊಂದಾಗಿ ಮೈಯಿಂದ ಉಜ್ಜಿಕೊಂಡು ನಡೆದು, ಎಲ್ಲಿ ಗೋಡೆ ಗೋಡೆಯಲ್ಲ ಎಂದು ಕಂಡುಹಿಡಿದು ಪುಸ್ತಕದಲ್ಲಿ ಬರೆಯುವುದು ರಮಿತಾಳ ಕೆಲಸ. ಮೊದಲು ಅವಳು ತಲ್ಲೂರಿನ ಇದೇ ಕಟ್ಟಡದ ಕೆಳಗಿನ ಔಷಧಿ ಅಂಗಡಿ ಗುಡಿಸಿ ಒರೆಸುತ್ತಿದ್ದಳು. ಒಂದು ದಿನ ಮೇಲಿನ ಕೋಣೆ ಒರೆಸಲು ಬಂದವಳು ಪರದೆಯ ಮುಂದೆ ನಿಂತು, ಆ ಗೋಡೆಗೆ ತೂತಿದೆ ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿದ್ದಳು. ಎರಡು ಸಲ ಹೇಳಿದ ಮೇಲೆ ಧನ್ಯಶ್ರೀಗೆ ಕೇಳಿಸಿತ್ತು.

ಅವಳ ಮಾತು ಯಾರಿಗೂ ಮೊದಲ ಸಲಕ್ಕೆ ಕೇಳಿಸುವುದಿಲ್ಲ. ಬಸ್ಸಿನಲ್ಲಿ ತಲ್ಲೂರು ಎಂದರೆ ಕಂಡಕ್ಟರ್ ಎಲ್ಲಿ ಎಲ್ಲಿ ಎಂದು ಕೇಳುತ್ತಾನೆ, ಪಕ್ಕದಲ್ಲಿದ್ದವರು ಅವಳ ಪರವಾಗಿ ಕೂಗಿ ಹೇಳುತ್ತಾರೆ, ನಾಲ್ಕು ಜನ ತಿರುಗಿ ನೋಡುತ್ತಾರೆ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರು ಪಾಠ ಓದಲು ನಿಲ್ಲಿಸಿದಾಗ ಅವಳು ಓದಿದ್ದು ಅವಳಿಗೊಬ್ಬಳಿಗೇ ಕೇಳಿತ್ತು. ನೀನು ಓದುತ್ತಿದ್ದೀಯೋ ಬಾಯಿ ಅಲ್ಲಾಡಿಸುತ್ತಿದ್ದೀಯೋ ಎಂದು ಅವರು ಕೇಳಿದಾಗ ಇಡೀ ತರಗತಿ ನಕ್ಕಿತ್ತು. ಮರುವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅವಳು ಮನೆಯಲ್ಲೇ ಉಳಿದಿದ್ದಳು. ಯಾಕೆ ಬಿಟ್ಟೆ ಎಂದು ಯಾರೂ ಹೆಚ್ಚು ಕೇಳಲಿಲ್ಲ. ಹೊಗೆಪೇಟೆಯಲ್ಲಿ ಆ ತೊಂದರೆಯಿಲ್ಲ. ಅಲ್ಲಿ ಏನು ಹೇಳಬೇಕೆಂಬುದು ಪರದೆಯ ಕೆಳಗೆ ಬರುತ್ತದೆ, ಬೆರಳಿನಿಂದ ಒತ್ತಿದರೆ ಹೇಳಿದಂತೆ ಆಗುತ್ತದೆ.

ಮನೀಶ್ ತನ್ನ ಪರದೆಯಿಂದ ತಲೆ ಎತ್ತದೆ ವಿವರಿಸುತ್ತಿದ್ದ. ಹೊಳೆಬದಿಯ ಹಂಚಿನ ಕಾರ್ಖಾನೆ ಮುಚ್ಚುವುದಕ್ಕೆ ಮೊದಲು ಅಲ್ಲಿ ಹಂಚು ಒತ್ತುವ ಪ್ರೆಸ್ ನಡೆಸುತ್ತಿದ್ದ ಜನವಂತೆ. ಹುಡುಕಿ ಹುಡುಕಿ ಸಾಕಾಗಿ, ಕಡೆಗೆ ತ್ರಾಸಿಯ ಕಡಲ ಬದಿಯಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಸೀಟಿ ಊದುತ್ತಿದ್ದವರು ಸಿಕ್ಕರಂತೆ. ಹೊಗೆಪೇಟೆಯ ಒತ್ತುಮನೆಯಲ್ಲಿರುವ ಯಂತ್ರ ಸರಿಯಾಗಿದೆಯೇ ಎಂದು ಅವರಿಗೆ ತೋರಿಸಬೇಕು. ಧನ್ಯಶ್ರೀ ಕುರ್ಚಿ ತಿರುಗಿಸಿ ಕೇಳಿದಳು, "ನೀನೂ ಅಲ್ಲೇ ಕೆಲ್ಸ ಮಾಡಿದ್ದಲ್ದಾ? ಗುರ್ತ ಇತ್ತಾ ಅವ್ರದ್ದ್?"

"ಮುಖ ಕಂಡ ಗುರ್ತ" ಎಂದಳು ರಮಿತಾ. ಧನ್ಯಶ್ರೀ ಎಂತ ಎಂದು ಕೇಳಿದಳು. ಅವಳು ಮತ್ತೊಮ್ಮೆ ಹೇಳಿದಳು.

ಗಂಟೆ ಒಂಬತ್ತೂವರೆ. ಗೋಡೆಯಿಂದ ಹೊರಬರಲು ಅವಳು ಹಿಂದಿನ ಕೀಲಿ ಒತ್ತಿದಳು, ಎಡಕ್ಕೆ ಒತ್ತಿದಳು, ಹಾರಲು ನೋಡಿದಳು. ಪರದೆಯ ಹೆಂಗಸು ಅಲ್ಲೇ ನಡುಗಿದಳು. ಏಳು ವರ್ಷದಿಂದ ರಮಿತಾ ತನ್ನೂರು ತ್ರಾಸಿಯಿಂದ ಬಸ್ಸು ಹತ್ತುವಾಗ ಕಡಲಿನ ಬದಿಯ ಸೀಟಿನಲ್ಲಿ ಕೂತಿಲ್ಲ. ಸೀಟು ಅಲ್ಲೇ ಸಿಕ್ಕರೆ ಚಪ್ಪಲಿ ಸರಿಮಾಡುವವಳಂತೆ ಬಗ್ಗುತ್ತಾಳೆ. ಸೀಟಿಯ ಸದ್ದು ಕಿಟಕಿಯ ಹೊರಗೆ ಹಿಂದೆ ಸರಿದ ಮೇಲೆಯೇ ತಲೆ ಎತ್ತುತ್ತಾಳೆ. ಚಂದಯ್ಯ ಬಸ್ಸಿನತ್ತ ಒಮ್ಮೆಯೂ ನೋಡಿದ್ದಿಲ್ಲ. ಆದರೂ ನೋಡಿಯೂ ನೋಡದಂತೆ ಇರುತ್ತಾರೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಗೊತ್ತಿದ್ದವರು ಹಾಗೆಯೇ ಇರುವುದು. ಅಮ್ಮನ ಬಲಗೈಯ ಮೂರು ಬೆರಳು ಹೋದ ದಿನ ಏನಾಯಿತು ಎಂಬುದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಅವಳಿಗೆ ಮತ್ತು ಅವರಿಗೆ. ಅವರು ಇವತ್ತು ಮೆಟ್ಟಿಲು ಹತ್ತಿ ಬರುತ್ತಾರೆ, ಅವಳ ಮುಖ ನೋಡುತ್ತಾರೆ, ಈ ಇಬ್ಬರ ಎದುರು ಬಾಯಿ ಬಿಡುತ್ತಾರೆ. ಸಂಜೆಯೊಳಗೆ ಅದು ತಲ್ಲೂರಿನಿಂದ ತ್ರಾಸಿಗೆ ಹೋಗುತ್ತದೆ, ಅಮ್ಮನ ಕಿವಿಗೆ ಬೀಳುತ್ತದೆ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮನೆಗೆ ಹೋಗಿಬಿಡಬಹುದಿತ್ತು. ಆದರೆ ಅಷ್ಟು ಹೇಳಬೇಕಾದರೂ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎರಡು ಸಲ ಹೇಳಬೇಕಲ್ಲ. ಅವಳು ಗೋಡೆಯೊಳಗೆ ಕೂತೇ ಇದ್ದಳು.

ಮನೀಶ್ ಎದ್ದು ಬಂದು ಅವಳ ಪುಸ್ತಕ ತಿರುವಿದ. ಒತ್ತುಮನೆಯ ಹಾಳೆ ತೆಗೆದು, ಇಲ್ಲಿ ಎಲ್ಲಾ ಸರಿ ಇದೆ ಎಂದು ಬರೆದಿದ್ದೀಯಲ್ಲ, ನಿಜವಾಗಿಯೂ ಎಲ್ಲ ಗೋಡೆ ನೋಡಿದ್ದೀಯಾ ಎಂದು ಕೇಳಿದ. ಅವಳು ಹೂಂ ಎಂದಳು. ಆ ಹೂಂ ಸುಳ್ಳು. ಹನ್ನೊಂದು ದಿನದಿಂದ ಅವಳು ಒತ್ತುಮನೆಯ ಬಾಗಿಲಿನವರೆಗೆ ಹೋಗಿ ಹಿಂದೆ ಬರುತ್ತಿದ್ದಳು. ಒಂದೇ ಒಂದು ಮಧ್ಯಾಹ್ನ, ಇಬ್ಬರೂ ಊಟಕ್ಕೆ ಹೋಗಿದ್ದಾಗ, ಒಳಗೆ ಕಾಲಿಟ್ಟಿದ್ದಳು. ಮನೀಶ್ ಹಾಳುಬಿದ್ದ ಕಾರ್ಖಾನೆಯ ಫೋಟೋ ತೆಗೆದು ತಂದು ಅದನ್ನೇ ಕಟ್ಟಿದ್ದ. ಅದೇ ತೊಲೆ, ಮಾಡಿನ ಹಂಚುಗಳ ನಡುವೆ ಕೂರಿಸಿದ ಅದೇ ಗಾಜು, ಗಾಜಿನಿಂದ ಬೀಳುವ ಅದೇ ಹಳದಿ ಬೆಳಕಿನ ಚೌಕ. ಹಂಚಿನ ಬದಲು ಅಲ್ಲಿ ತಗಡಿನ ಕವಚ ಒತ್ತುತ್ತಿದ್ದರು, ಅಷ್ಟೇ ಬೇರೆ. ಪ್ರೆಸ್ಸಿನ ಆಚೆ ಮುಖವಿಲ್ಲದ ಒಬ್ಬ ಗಂಡಸು ಹಿಡಿಕೆ ಎಳೆಯುತ್ತಿದ್ದ. ಈಚೆ ಒಬ್ಬ ಹೆಂಗಸು ಕೈ ಒಳಗಿಟ್ಟು ತಗಡು ತೆಗೆಯುತ್ತಿದ್ದಳು. ಕೂಗುವ ಕೀಲಿಯನ್ನು ಸರಿಯಾದ ಗಳಿಗೆಗೆ ಒತ್ತಿದರೆ ಯಂತ್ರ ನಿಲ್ಲುತ್ತದೆ, ಹೆಂಗಸು ಉಳಿಯುತ್ತಾಳೆ, ಅವಳಿಂದ ಮುಂದಿನ ದಾರಿ ತಿಳಿಯುತ್ತದೆ. ರಮಿತಾ ಒತ್ತಿದಳು. ಪರದೆಯಲ್ಲಿ ಅವಳು ನಡೆಸುತ್ತಿದ್ದ ಹೆಂಗಸು ಬಾಯಿ ತೆರೆದಳು. ಸದ್ದು ಬರಲಿಲ್ಲ. ಕೂಗಿಗೆ ಇನ್ನೂ ಸ್ವರ ಹಾಕಿರಲಿಲ್ಲ, ಸ್ವರ ಬರುವವರೆಗೆ ಯಂತ್ರ ನಿಲ್ಲುವುದಿಲ್ಲ. ಪ್ರೆಸ್ ಬಿತ್ತು. ಮತ್ತೆ ಆರು ಸೆಕೆಂಡಿಗೆ ಪ್ರೆಸ್ಸಿನ ಹೆಂಗಸು ಇಡೀ ಕೈ ಹೊತ್ತು ಅದೇ ಜಾಗದಲ್ಲಿ ನಿಂತಿದ್ದಳು, ಏನೂ ಆಗದವಳಂತೆ, ಐದೂ ಬೆರಳು ಬಿಡಿಸಿಕೊಂಡು. ರಮಿತಾ ಕೀಲಿಯಿಂದ ಕೈ ತೆಗೆದು ಮುಕ್ಕಾಲು ಗಂಟೆ ನೋಡುತ್ತ ಕೂತಿದ್ದಳು. ಕೈ ಹೋಗುತ್ತಿತ್ತು, ಬರುತ್ತಿತ್ತು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಕೇಳಿದಾಗ ಗಡಬಡಿಸಿ ಆಟ ಮುಚ್ಚಿ, ಪುಸ್ತಕದಲ್ಲಿ ಎಲ್ಲಾ ಸರಿ ಇದೆ ಎಂದು ಬರೆದಿದ್ದಳು.

ಏಳು ವರ್ಷದ ಹಿಂದೆ, ಬೆರಳು ಹೋದ ದಿನ ಬೆಳಿಗ್ಗೆ ಅಮ್ಮ ತಲೆ ಬಾಚುತ್ತ ಹೇಳಿದ್ದಳು, ಚಂದಯ್ಯನವರ ಎದುರು ಸ್ವರ ಎತ್ತಬೇಡ, ನೋಡುತ್ತಾ ಇರುತ್ತಾರೆ. ಆಗ ಅಮ್ಮ ಎರಡೂ ಕೈಯಿಂದ ಜಡೆ ಹೆಣೆಯುತ್ತಿದ್ದಳು, ನೆತ್ತಿ ಎಳೆದು ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ. ಚಂದಯ್ಯನವರ ಮಗ ರವಿಚಂದ್ರನಿಗೆ ಅವಳನ್ನು ಕೇಳಿದ್ದರು. ಮಾತು ಇನ್ನೂ ಮುಗಿದಿರಲಿಲ್ಲ, ಮುಗಿಯುವ ಹಾಗಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು. ಹಸಿ ಹಂಚು ಹೊತ್ತು ಅಟ್ಟಣಿಗೆಗೆ ಏರಿಸುವ ಹೆಂಗಸರು ದಾರಿಯುದ್ದಕ್ಕೂ ಅವಳನ್ನು ಕೀಟಲೆ ಮಾಡಿ ನಗುತ್ತಿದ್ದರು. "ನಾಳಿಂದ ಇದ್ ಅಪ್ಪನ್ನ ಅಲ್ಲ, ಮಗನ್ನ ಹ್ವಾಯ್ ಅಂದ್ ಕರೂದ್ ಕಾಣಿ" ಎಂದಿದ್ದಳು ಒಬ್ಬಳು ಅವಳನ್ನು ತೋರಿಸಿ. ಆ ಕಡೆ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹ್ವಾಯ್ ಎನ್ನುತ್ತಾಳೆ. ಅಲ್ಲಿಯವರೆಗೆ ಆ ಕರೆ ಎಲ್ಲರದ್ದೂ ಆಗಿತ್ತು. ದೋಣಿಯವನನ್ನು, ಬಸ್ಸಿನವನನ್ನು, ಪ್ರೆಸ್ಸಿನವನನ್ನು ಕರೆಯುವುದು ಹಾಗೆಯೇ. ಅವತ್ತು ಬೆಳಿಗ್ಗೆಯಿಂದ ಅವಳಿಗೆ ಅದು ಬಾಯಲ್ಲಿ ಇಟ್ಟುಕೊಳ್ಳಲಾಗದ ವಸ್ತುವಾಯಿತು. ಪ್ರೆಸ್ಸಿನಿಂದ ಹಂಚು ತೆಗೆಯುವುದು ಅಮ್ಮನ ಕೆಲಸ, ಒತ್ತಿ ಬಂದ ಹಂಚಿನ ಅಂಚು ಕೊಯ್ಯುವುದು ಅವಳ ಕೆಲಸ. ಪ್ರೆಸ್ ನಡೆಸುವವನಿಗೆ ಆಚೆಯಿಂದ ಹಂಚು ತೆಗೆಯುವವಳ ಕೈ ಕಾಣಿಸುವುದಿಲ್ಲ. ಎರಡೂ ಬದಿ ಕಾಣುವುದು ಅಂಚು ಕೊಯ್ಯುವ ಜಾಗದಿಂದ ಮಾತ್ರ. ಹಾಗಾಗಿ ಏನಾದರೂ ಹೆಚ್ಚುಕಡಿಮೆಯಾದರೆ ಕೂಗಬೇಕಾದವಳು ಅಂಚು ಕೊಯ್ಯುವವಳು. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹತ್ತೂವರೆಯ ಹೊತ್ತಿಗೆ ಅಚ್ಚಿನ ಮೂಲೆಯಲ್ಲಿ ಒಂದು ಮಣ್ಣಿನ ಹೆಂಟೆ ಅಂಟಿತು. ಅಮ್ಮ ಅದನ್ನು ಕೀಳಲು ಕೈ ಹಾಕಿದಳು. ಚಂದಯ್ಯನವರ ಕೈ ಹಿಡಿಕೆಯ ಮೇಲಿತ್ತು. ರಮಿತಾ ಎರಡನ್ನೂ ಕಂಡಳು. ಹ್ವಾಯ್ ಎಂಬುದು ಬಾಯಿಯವರೆಗೆ ಬಂತು. ಹೆಂಗಸರು ನಗುತ್ತಾರೆ. ಚಂದಯ್ಯಣ್ಣ ಎನ್ನಬೇಕು, ದಿನವೂ ಹಾಗೆಯೇ ಕರೆಯುತ್ತಿದ್ದಳಲ್ಲ. ಮಾವನಾಗುವವರನ್ನು ಅಣ್ಣ ಎನ್ನಬಾರದು. ಮಾವ ಎಂದರೆ ಇನ್ನೂ ಮಾವ ಆಗಿಲ್ಲ, ಈ ಹೆಣ್ಣಿಗೆ ಎಷ್ಟು ಅವಸರ ಎನ್ನುತ್ತಾರೆ. ಇಷ್ಟಕ್ಕೆ ಎಷ್ಟು ಹೊತ್ತು ಬೇಕು. ಕಣ್ಣು ರೆಪ್ಪೆ ಬಡಿಯುವಷ್ಟೂ ಬೇಡ. ಹಿಡಿಕೆ ಇಳಿಯಿತು.

ಆಮೇಲೆ ಅಮ್ಮ ಕೂಗಿದಳು. ಅದನ್ನು ಎಲ್ಲರೂ ಕೇಳಿದರು.

ಮಧ್ಯಾಹ್ನ ಆಫೀಸಿನ ಕೋಣೆಯಲ್ಲಿ ಮ್ಯಾನೇಜರು ಅವಳನ್ನು ನಿಲ್ಲಿಸಿ ಕೇಳಿದರು, ನೀನು ಅಂಚಿನ ಜಾಗದಲ್ಲಿದ್ದೆಯಲ್ಲ, ಕೂಗಿದೆಯೋ ಇಲ್ಲವೋ. ಅವಳ ಪಾದದ ಮೇಲೆ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಅದನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿತೋ ಇಲ್ಲವೋ, ಅಲ್ಲಾಡಿದ್ದರೆ ಹೌದೆಂದೋ ಇಲ್ಲವೆಂದೋ, ಇವತ್ತಿಗೂ ಅವಳಿಗೆ ತಿಳಿಯದು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಚಂದಯ್ಯ ಹೇಳಿದ್ದರು, "ಹೆಣ್ ಕೂಗಿತ್. ನಂಗೆ ಕೇಣ್ಲಿಲ್ಲ." ತನಗೆ ಕೇಳಿಸಲಿಲ್ಲ ಎಂದ ಮೇಲೆ ತಪ್ಪು ಅವರದಾಯಿತು, ಅಲ್ಲಿಗೆ ಎಲ್ಲ ಮುಗಿಯಿತು. ಅವರು ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಸಂಬಂಧದ ಮಾತು ತಾನಾಗಿಯೇ ನಿಂತಿತು. ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳಿದಳು, ನನ್ನ ಮಗಳು ಗಂಟಲು ಹರಿಯುವ ಹಾಗೆ ಕೂಗಿದಳು, ಆ ಮನುಷ್ಯನಿಗೆ ಕಿವಿಯಿಲ್ಲ. ಹೇಳಿ ಹೇಳಿ ಆ ಕೂಗು ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಈಗ ಅಮ್ಮ ಗಂಜಿಯನ್ನು ಚಮಚದಲ್ಲಿ ಉಣ್ಣುತ್ತಾಳೆ. ಮದುವೆಮನೆಗೆ ಹೋದರೆ ಪಂಕ್ತಿಯಲ್ಲಿ ಕೂರುವುದಿಲ್ಲ, ಹಸಿವಿಲ್ಲ ಎಂದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಳದಲ್ಲಿ ನಿಲ್ಲುತ್ತಾಳೆ. ರಮಿತಾ ಬಾಳೆಲೆಯ ಎದುರು ಕೂತು, ಅನ್ನ ಕಲಸುತ್ತಿರುವ ತನ್ನ ಐದು ಬೆರಳು ನೋಡುತ್ತಾಳೆ. ಕೂಗಿತು ಎಂದು ಅವರು ಯಾಕೆ ಹೇಳಿದರು? ಕೂಗಲಿಲ್ಲವೆಂದು ಗೊತ್ತಿದ್ದೇ ಹೇಳಿದರು, ಅವಳನ್ನು ಉಳಿಸಲು ಹೇಳಿದರು, ಏಳು ವರ್ಷ ಅದನ್ನು ಬಾಯಲ್ಲಿಟ್ಟುಕೊಂಡು ಸೀಟಿ ಊದುತ್ತಿದ್ದಾರೆ ಎಂದೇ ಅವಳು ನಂಬಿದ್ದಳು. ಉಳಿಸಿದವರನ್ನು ಎದುರಿಸುವುದಕ್ಕಿಂತ ಬೈದವರನ್ನು ಎದುರಿಸುವುದು ಸುಲಭವಿತ್ತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಮೆಟ್ಟಿಲಲ್ಲಿ ಕೆಮ್ಮು ಕೇಳಿತು. ರಮಿತಾ ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಚಂದಯ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಿಡಬೇಕಿಲ್ಲ ಎಂದು ಮನೀಶ್ ಹೇಳಿದರೂ ಕೇಳದೆ, ಬರಿಗಾಲಲ್ಲಿ ಒಳಗೆ ಬಂದರು. ನೆನಪಿನಲ್ಲಿದ್ದಷ್ಟು ಎತ್ತರ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಿಂದ ಹೊರಗೆ ಇಣುಕುವ ಸೀಟಿಯ ನೀಲಿ ದಾರ. ಅವರು ಕೋಣೆಯನ್ನು ಸುತ್ತ ನೋಡಿದರು, ನೋಟ ಅವಳ ಬೆನ್ನಿನ ಮೇಲೆ ನಿಂತದ್ದು ಅವಳಿಗೆ ತಿರುಗದೆಯೇ ತಿಳಿಯಿತು. ತುಂಗಾಳ ಮಗಳಲ್ಲವೇ ಎಂದು ಕೇಳಿದರು. ಅಮ್ಮ ಹೇಗಿದ್ದಾಳೆ ಎಂದರು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಇದ್ದಾಳೆ ಎಂದಳು. ವಿಚಿತ್ರವೆಂದರೆ ಅವರು ಎಂತ ಎಂದು ಕೇಳಲಿಲ್ಲ. ಇರಲಿ, ಇರಲಿ ಎಂದು ತಲೆಯಾಡಿಸಿ ಕೂತರು.

ಮನೀಶ್ ಅವರಿಗೆ ಹೊಗೆಪೇಟೆಯ ಬೀದಿಗಳನ್ನು ತೋರಿಸಿದ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದೆಂತ ಊರ್ ಮಾರಾಯ, ಸೂರ್ಯನೂ ಇಲ್ಲೆ, ಒಂದ್ ಚಾ ಅಂಗ್ಡಿಯೂ ಇಲ್ಲೆ. ಇಷ್ಟ್ ಮಿಷನ್ ಇತ್ತ್, ಎಲ್ಲೂ ಗ್ರೀಸ್ ಡಬ್ಬಿ ಕಾಂತಿಲ್ಲೆ" ಎಂದರು. ಧನ್ಯಶ್ರೀ ನಕ್ಕು ಗ್ರೀಸ್ ಡಬ್ಬಿ ಎಂದು ಬರೆದುಕೊಂಡಳು. ಅವರೇ ಆಡಿ ನೋಡಲಿ ಎಂದು ಕೀಲಿಮಣೆಯನ್ನು ಮುಂದೆ ತಳ್ಳಿದಳು. ಚಂದಯ್ಯನವರ ದಪ್ಪ ಬೆರಳಿಗೆ ಒಂದರ ಬದಲು ಎರಡು ಕೀಲಿ ಸಿಗುತ್ತಿದ್ದವು. ಪರದೆಯ ಹೆಂಗಸು ಮೆಟ್ಟಿಲಲ್ಲಿ ಜಾರಿದಳು, ದೀಪದ ಕಂಬ ತಬ್ಬಿಕೊಂಡು ನಿಂತಳು, ಪೊಲೀಸಿನವನಿಗೆ ಕಾರಣವಿಲ್ಲದೆ ಒದ್ದಳು. ಇದನ್ನು ನಡೆಸುವುದಕ್ಕಿಂತ ಹಳೇ ಡೀಸೆಲ್ ಇಂಜಿನ್ ಚಾಲೂ ಮಾಡುವುದು ಸುಲಭ ಎಂದು ಅವರು ಗೊಣಗಿದಾಗ ಮನೀಶನೂ ನಕ್ಕ. ರಮಿತಾ ನಗಲು ತುಟಿ ಎಳೆದಳು. ಅವರು ಹೀಗೆ ತಮಾಷೆ ಮಾಡುತ್ತಿರುವುದು ಆಮೇಲಿನದಕ್ಕೆ ತಯಾರಿಯೋ ಏನೋ ಎಂದು ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಪೇಟೆಬೀದಿ ಕಳೆದು, ಎಣ್ಣೆಯ ಕಾಲುವೆ ದಾಟಿ, ಕಡೆಗೆ ಒತ್ತುಮನೆಯ ಬಾಗಿಲು ಎರಡು ಸಲ ತಳ್ಳಿಸಿಕೊಂಡು ತೆರೆಯಿತು. ಚಂದಯ್ಯನವರ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಹಳದಿ ಚೌಕ ನೆಲದ ಮೇಲಿತ್ತು. ಮಾಡಿನ ಗಾಜು ಅಷ್ಟು ಶುಭ್ರ ಇರಲಿಲ್ಲ, ಹಕ್ಕಿ ಹೇತದ್ದು ಇತ್ತು ಎಂದಷ್ಟೇ ಹೇಳಿದರು.

ಪ್ರೆಸ್ ಬೀಳುವ ರೀತಿ ಸರಿಯಿಲ್ಲ ಎಂದರು. ಅದು ಕಲ್ಲು ಬಿದ್ದ ಹಾಗೆ ಬೀಳುವುದಲ್ಲ, ಬಸುರಿ ಕೂತ ಹಾಗೆ, ತಡೆದು ತಡೆದು ಬಂದು ಕಡೆಗೆ ಭಾರ ಬಿಡುತ್ತದೆ ಎಂದು ಎರಡು ಕೈಯಲ್ಲಿ ತೋರಿಸಿದರು. ಹಾಗಾದರೆ ನಿಲ್ಲಿಸಲು ಹೊತ್ತು ಸಿಗುತ್ತದೆಯೇ ಎಂದು ಮನೀಶ್ ಕೇಳಿದ. ಕೂಗಿದರೆ ಸಿಗುತ್ತದೆ ಎಂದರು. ಮನೀಶ್ ಕೂಗುವ ಕೀಲಿ ತೋರಿಸಿದ, ಅವರು ಒತ್ತಿದರು, ಪರದೆಯ ಹೆಂಗಸು ಬಾಯಿ ತೆರೆದಳು, ತಗಡಿನ ಸದ್ದು ಮಾತ್ರ ಬಂತು.

"ಸ್ವರ ಇಲ್ದೆ ಕೂಗ್ರೆ ಅಂವ ಹ್ಯಾಂಗೆ ನಿಲ್ಸುದ್?"

ಅದನ್ನೇ ಇವತ್ತು ಹಾಕಬೇಕು ಎಂದಳು ಧನ್ಯಶ್ರೀ. ಅಲ್ಲಿ ಏನೆಂದು ಕೂಗುತ್ತಿದ್ದರು ಎಂದು ಕೇಳಿದಳು. ಹ್ವಾಯ್ ಎನ್ನುತ್ತಿದ್ದರು, ಮತ್ತೆಂಥದ್ದು ಎಂದರು ಚಂದಯ್ಯ. ಆಮೇಲೆ, ರಮಿತಾ ಏಳು ವರ್ಷದಿಂದ ಕಾಯುತ್ತಿದ್ದದ್ದು ಬಂತು. ಅವರು ಕುರ್ಚಿಯನ್ನು ಅವಳತ್ತ ತಿರುಗಿಸಿದರು. ಆದರೆ ಅವರ ಮುಖದಲ್ಲಿ ಅವಳು ಹೆದರಿದ್ದು ಯಾವುದೂ ಇರಲಿಲ್ಲ. ಏನೋ ಕೇಳಲು ಸಂಕೋಚಪಡುವ ಮನುಷ್ಯನ ಮುಖ ಅದು.

"ಇದ್ರ ಹತ್ರ ಕೂಗ್ಸಿ" ಎಂದರು. "ಅವತ್ತ್ ಇದ್ರ ಅಮ್ಮನ ಕೈ ಹೋಪತಿಗೆ ಕೂಗಿದ್ ಇದೇ. ಅಮ್ಮನ ಕೈ ಕಂಡ್ ಕೂಗ್ದೆ ಇಪ್ಪುದುಂಟಾ? ಇದ್ ಕೂಗಿತ್, ನಂಗೆ ಕೇಣ್ಲಿಲ್ಲ. ಕೆಮಿ ಹೋಯ್ತ್ ಅಂದ್ ನಂಗೆ ಗೊತ್ತಾದ್ದೇ ಅವತ್ತ್."

ಕೋಣೆಯ ಫ್ಯಾನ್ ತಿರುಗುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ಗೇರು ಬದಲಿಸಿತು. ಚಂದಯ್ಯ ಹೇಳುತ್ತಾ ಹೋದರು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. ಗಂಗೊಳ್ಳಿಯಿಂದ ಬೋಟಿನ ಇಂಜಿನ್ ಕೆಲಸಕ್ಕೆ ಕರೆ ಬಂದಿತ್ತಂತೆ, ಹೋಗಲಿಲ್ಲವಂತೆ. ಕಿವಿ ಕೇಳದವನು ಯಂತ್ರ ಮುಟ್ಟಬಾರದು. ಮೊಮ್ಮಗುವನ್ನು ಕೈಹಿಡಿದು ರಸ್ತೆ ದಾಟಿಸುವುದಿಲ್ಲವಂತೆ, ಹಿಂದಿನಿಂದ ಬರುವ ಗಾಡಿಯ ಸದ್ದು ತನಗೆ ಕೇಳಿಸಿತೋ ಇಲ್ಲವೋ ಎಂಬ ಭರವಸೆಯಿಲ್ಲ. ಸೀಟಿಯ ಕೆಲಸವಾದರೆ ಊದಿದರೆ ಸಾಕು, ಕೇಳಬೇಕಾದವರು ಬೇರೆಯವರು. "ಬ್ರಹ್ಮಾವರದಗೆ ಒಬ್ರ್ ಡಾಕ್ಟ್ರಿಗೆ ತೋರ್ಸ್ದೆ. ಗ್ವಾಡಿ ಬದಿ ಮುಖ ಮಾಡಿ ನಿಲ್ಸಿ, ಹಿಂದಿಂದ ಸಣ್ಣಕೆ ಮಾತಾಡಿ, ಕೇಂಡದ್ದ್ ಹೇಳಿ ಅಂದ್ರ್. ಎಲ್ಲಾ ಹೇಳ್ದೆ. ಕೆಮಿ ಸಮಾ ಇತ್ತ್ ಅಂದ್ರ್. ಸಮಾ ಇದ್ರೆ ಅವತ್ತ್ ಎಂತಕ್ ಕೇಣ್ಲಿಲ್ಲ? ಅದ್ ಅವ್ರಿಗೂ ಗೊತ್ತಿಲ್ಲೆ." ಅವರು ಕಿಸೆಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅದ್ರ ಕೂಗ್ ಒಂದ್ ಸಲ ಕೇಣ್ಕ್ ಅಂದ್ ನಂಗೆ ಮನ್ಸಿಗಿತ್ತ್. ಹ್ಯಾಂಗಿದ್ ಕೂಗ್ ನಂಗೆ ಕೇಣ್ದೆ ಹೋದ್ದ್ ಅಂದ್."

ಧನ್ಯಶ್ರೀ ಮೈಕನ್ನು ರಮಿತಾಳ ಮುಂದೆ ತಂದು ನಿಲ್ಲಿಸಿದಳು, ತನ್ನ ಕಿವಿಗೆ ಹೆಡ್‌ಫೋನ್ ಏರಿಸಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಉದ್ದಕ್ಕೆ ಹರಿಯತೊಡಗಿತು. ಸದ್ದು ಬಂದರೆ ಅದು ಎದ್ದು ನಿಲ್ಲುತ್ತದೆ. ರಮಿತಾ ಆ ಗೆರೆಯನ್ನು ನೋಡಿದಳು. ಹಾಗಾದರೆ ಅವರಿಗೆ ಗೊತ್ತಿರಲಿಲ್ಲ. ಅವಳೊಬ್ಬಳಿಗೇ ಗೊತ್ತಿದ್ದದ್ದು. ಬಸ್ಸಿನಲ್ಲಿ ಬಗ್ಗಿ ತಲೆಮರೆಸಿಕೊಂಡದ್ದೆಲ್ಲ ಸುಮ್ಮನೆ. ಈ ತಿಳಿವಳಿಕೆಯಿಂದ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಈಗ ಒಂದು ಸಲ ಕೂಗಿದರೆ ಸಾಕು. ಗಟ್ಟಿಯಾಗಿ, ಅಮ್ಮ ಹೇಳುವ ಹಾಗೆ, ಗಂಟಲು ಹರಿಯುವ ಹಾಗೆ. ಆ ಕೂಗು ಹೊಗೆಪೇಟೆಯ ಒಳಗೆ ಕೂರುತ್ತದೆ, ಆಡಿದವರಿಗೆಲ್ಲ ಕೇಳುತ್ತದೆ, ಆ ಹೆಂಗಸಿನ ಕೈ ಉಳಿಯುತ್ತದೆ. ಇವರು ತಮಗೆ ಕೇಳದೆ ಹೋದ ಕೂಗನ್ನು ಕಡೆಗೂ ಕೇಳಿ, ತಾವು ಕಿವುಡರೆಂದು ಗಟ್ಟಿ ಮಾಡಿಕೊಂಡು, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ. ಅಮ್ಮನಿಗೂ ಏನೂ ತಿಳಿಯುವುದಿಲ್ಲ. ಕೂಗುವುದು ಒಂದೇ ಬಾಕಿ. ಅವಳು ಬಾಯಿ ತೆರೆದಳು.

"ನಾ ಕೂಗ್ಲಿಲ್ಲ" ಎಂದಳು.

ಹಸಿರು ಗೆರೆ ಅಲುಗಲೇ ಇಲ್ಲ ಎನ್ನಬೇಕು. ಧನ್ಯಶ್ರೀ ಒಂದು ಕಿವಿಯ ಹೆಡ್‌ಫೋನ್ ಸರಿಸಿ, ಎಂತ ಹೇಳಿದೆ, ಏನೂ ಬೀಳಲಿಲ್ಲ, ಇನ್ನೊಮ್ಮೆ ಎಂದಳು. ಮನೀಶ್ ಮೈಕಿನ ತಂತಿ ಪರೀಕ್ಷಿಸಿದ. ಆದರೆ ಕೋಣೆಯ ಆಚೆ ತುದಿಯಲ್ಲಿ ಕೂತಿದ್ದ ಚಂದಯ್ಯ ದಾರ ಸುತ್ತುವುದನ್ನು ನಿಲ್ಲಿಸಿದ್ದರು. ಫ್ಯಾನಿನ ಸದ್ದು, ಲಾರಿಯ ಸದ್ದು, ಒತ್ತುಮನೆಯಲ್ಲಿ ಆರು ಸೆಕೆಂಡಿಗೊಮ್ಮೆ ಬೀಳುತ್ತಿದ್ದ ತಗಡಿನ ಸದ್ದು, ಇವೆಲ್ಲದರ ನಡುವೆಯಿಂದ ಅವರು ಅವಳನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಅವಳು ಬಗ್ಗಲಿಲ್ಲ. ಬಗ್ಗಲು ಅಲ್ಲಿ ಬಸ್ಸಿನ ಸೀಟು ಇರಲಿಲ್ಲ.

ಅವರು ಎದ್ದರು. ಏಳುವಾಗ ಕುರ್ಚಿ ಹಿಂದಕ್ಕೆ ಉರುಳಿ ಮೇಜಿಗೆ ತಾಗಿತು. ಹೊಡೆಯಲು ಬರುತ್ತಾರೆ ಎಂದುಕೊಂಡಳು, ಬರಲಿ ಎಂದೂ ಅನ್ನಿಸಿತು. ಅವರು ಅವಳ ಕಡೆ ಬರಲಿಲ್ಲ. ಬಾಗಿಲ ಪಕ್ಕದ ಖಾಲಿ ಗೋಡೆಯವರೆಗೆ ನಡೆದರು, ಗೋಡೆಗೆ ಮುಖ ಮಾಡಿ, ಎರಡೂ ಕೈ ತೊಡೆಗೆ ಅಂಟಿಸಿ, ಶಾಲೆಯಲ್ಲಿ ಶಿಕ್ಷೆಗೆ ನಿಂತವರಂತೆ ನಿಂತರು. ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು.

"ಈಗ ಹೇಳ್" ಎಂದರು ಗೋಡೆಗೆ. "ಸಣ್ಣಕೆ ಹೇಳ್."

ಮನೀಶ್ ಏನೋ ಕೇಳಹೊರಟ. ಧನ್ಯಶ್ರೀ ಅವನ ತೋಳು ಹಿಡಿದಳು.

"ನಾ ಕಂಡಿದ್ದೆ. ಅಮ್ಮನ ಕೈಯೂ ಕಂಡಿದ್ದೆ, ನಿಮ್ಮ ಕೈಯೂ ಕಂಡಿದ್ದೆ."

"ನಾ ಕಂಡಿದ್ದೆ. ಅಮ್ಮನ ಕೈಯೂ ಕಂಡಿದ್ದೆ, ನಿಮ್ಮ ಕೈಯೂ ಕಂಡಿದ್ದೆ" ಎಂದರು ಅವರು, ಡಾಕ್ಟರಿಗೆ ಒಪ್ಪಿಸುವವರ ಹಾಗೆ, ಒಂದಕ್ಷರ ಬಿಡದೆ. ಆಮೇಲೆ "ಇನ್ನೂ ಸಣ್ಣಕೆ" ಎಂದರು.

ಅವಳು ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು, ಬಾಯಿಗೆ ಬಂದಿತ್ತು, ಏನೆಂದು ಕರೆಯಬೇಕೆಂದು ಗೊತ್ತಾಗಲಿಲ್ಲ. ತರಗತಿಯಲ್ಲಿ ಪಾಠ ಓದಿದ ದನಿ ಅದು. ಅವರು ಅದನ್ನೂ ಗೋಡೆಗೆ ಹೇಳಿದರು. ಬಾಯಿಗೆ ಬಂದಿತ್, ಎಂತ ಅಂದ್ ಕರೂದ್ ಗೊತ್ತಾಯ್ಲಿಲ್ಲ. ಹೇಳುವಾಗ ಅವರ ದನಿ ಮಧ್ಯದಲ್ಲಿ ಒಮ್ಮೆ ಕಡಿದು ಮತ್ತೆ ಸೇರಿತು. ಕತ್ತಿನ ನರ ಎದ್ದು ನಿಂತಿತ್ತು. ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದರೆ ಅದು ಸಿಟ್ಟೋ ಅಳುವೋ ಎಂದು ತಿಳಿಯಬಹುದಿತ್ತು, ತಿಳಿದರೆ ಯಾವುದಕ್ಕೆ ಹೆದರಬೇಕು ಎಂದಾದರೂ ಗೊತ್ತಾಗುತ್ತಿತ್ತು. ಗೋಡೆ ಮಾತ್ರ ಕಾಣುತ್ತಿತ್ತು. ಏಳು ವರ್ಷ ಆ ಮನುಷ್ಯನ ಎರಡೂ ಕಿವಿ ಸರಿಯಿದ್ದವು. ಕಡಲಿನ ಸದ್ದು, ಮೊಮ್ಮಗುವಿನ ಸದ್ದು, ಬಗ್ಗಿ ಕೂತವಳನ್ನು ಹೊತ್ತು ಹೋಗುತ್ತಿದ್ದ ಬಸ್ಸಿನ ಸದ್ದು, ಎಲ್ಲ ಅವುಗಳಿಗೆ ಬೀಳುತ್ತಲೇ ಇತ್ತು.

"ಇನ್ನೂ" ಎಂದರು.

ಅವಳು ತುಟಿ ಅಲ್ಲಾಡಿಸಿದಳು. ಈ ಸಲ ಒಂದು ಚೂರೂ ಸದ್ದು ಬರಲಿಲ್ಲ. ಬರಿಸಬೇಕೆಂದು ಹೊಟ್ಟೆಯಿಂದ ಉಸಿರು ಎಳೆದು ನೋಡಿದಳು, ಆಗಲಿಲ್ಲ. ಪಕ್ಕದ ಪರದೆಯಲ್ಲಿ ಒತ್ತುಮನೆಯ ಹೆಂಗಸು ಐದೂ ಬೆರಳು ಬಿಡಿಸಿಕೊಂಡು ಮತ್ತೆ ಕೈ ಮುಂದೆ ಮಾಡಿದ್ದಳು. ಚಂದಯ್ಯ ಕಾದರು. ತಲೆಯನ್ನು ಒಂದು ಬದಿಗೆ ವಾಲಿಸಿ, ಉಸಿರು ಹಿಡಿದು, ಗೋಡೆಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ಕಾದರು. ಅವತ್ತಿನ ಹಾಗೆಯೇ ಈಗಲೂ ಕೇಳಲು ಸದ್ದೇ ಇರಲಿಲ್ಲ. ಆಮೇಲೆ ಅವರ ಭುಜ ಕೆಳಗಿಳಿಯಿತು.

"ಕೇಣ್ಲಿಲ್ಲ" ಎಂದರು.